ಆರು ವರ್ಷದ ಆರ್‌ಒ ಯಂತ್ರ ಮತ್ತು ಒಂದು ಸಣ್ಣ ಸ್ಕ್ರೂ

ಕೋಲಾರದ ನಮ್ಮ ಮನೆಗೆ ಬರುವುದು ಕೊಳವೆಬಾವಿಯ ನೀರು. ಆ ನೀರಿನಲ್ಲಿ ತೊಗರಿಬೇಳೆಯನ್ನು ಎಷ್ಟು ಸಲ ಸೀಟಿ ಹಾಕಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು, ಆದರೆ ಪರೀಕ್ಷೆ ಮಾಡಿಸಿದಾಗ ಲೀಟರಿಗೆ 2.1 ಮಿಲಿಗ್ರಾಂ ಫ್ಲೋರೈಡ್ ಇರುವುದು ತಿಳಿಯಿತು. ಕುಡಿಯುವ ನೀರಿನಲ್ಲಿ ಅದು 1 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಹಾಗಾಗಿ ಆರು ವರ್ಷಗಳ ಹಿಂದೆ, ಮೆಂಬ್ರೇನ್ ಎಂಬ ತೆಳುಪೊರೆಯ ಮೂಲಕ ನೀರನ್ನು ಒತ್ತಿ ಹಾಯಿಸಿ ಶುದ್ಧಗೊಳಿಸುವ ಆರ್‌ಒ ಯಂತ್ರ ಕೊಂಡೆವು.

ಯಂತ್ರದ ಬಗ್ಗೆ ನನಗೆ ದೂರಿಲ್ಲ, ದೂರಿರುವುದು ಅದರ ಸರ್ವಿಸ್ ಬಗ್ಗೆ. ನಮ್ಮ ನೀರಿನ ಟಿಡಿಎಸ್, ಅಂದರೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವ ಕರಗಿದ ಲವಣಗಳ ಲೆಕ್ಕ, 1,050ರ ಆಸುಪಾಸು. ಹೊಸ ಯಂತ್ರದಿಂದ ಬರುತ್ತಿದ್ದುದು 80. ಎರಡನೆಯ ವರ್ಷ, ನೀರು ಸಪ್ಪೆ ಎಂದು ಅಮ್ಮ ಆಡಿದ ಮಾತು ಸರ್ವಿಸ್‌ಗೆ ಬಂದಿದ್ದ ಹುಡುಗನ ಕಿವಿಗೆ ಬಿದ್ದು, ಆತ ‘ಮಿನರಲ್ ಸ್ವಲ್ಪ ಜಾಸ್ತಿ ಮಾಡ್ತೀನಿ ಅಮ್ಮ’ ಎಂದು ಒಳಗೆ ಏನನ್ನೋ ತಿರುಗಿಸಿ ಹೋದ. ನೀರು ನಿಜಕ್ಕೂ ರುಚಿಯಾಯಿತು, ನಾವು ಸಂತೋಷಪಟ್ಟೆವು. ಆರು ತಿಂಗಳ ಬಳಿಕ ಅದೇ ಸಂಸ್ಥೆಯಿಂದ ಬಂದ ಇನ್ನೊಬ್ಬ, ಮೀಟರ್ ಅದ್ದಿ 210 ತೋರಿಸಿ, ಮೆಂಬ್ರೇನ್ ಹೋಗಿದೆ ಎಂದು 2,600 ರೂಪಾಯಿಯ ಹೊಸದನ್ನು ಹಾಕಿದ. ಹಾಕಿದ ಮೇಲೂ ಮೀಟರ್ 200ರ ಕೆಳಗೆ ಇಳಿಯಲಿಲ್ಲ. ನಿಮ್ಮ ನೀರೇ ಹಾಗೆ ಎಂದು ಹೇಳಿ ಸಹಿ ಪಡೆದು ಹೊರಟುಹೋದ.

ಅದರ ಗುಟ್ಟು ಬಿಡಿಸಿದವರು ನಮ್ಮ ಬೀದಿಯ ಪಂಪ್ ರಿಪೇರಿಯವರು. ಮುಚ್ಚಳ ತೆಗೆದು, ಬಿಳಿಯ ಪೈಪೊಂದರ ಮೇಲಿದ್ದ ಕಡಲೆಕಾಳಿನಷ್ಟು ಗಾತ್ರದ ಸ್ಕ್ರೂ ಒಂದನ್ನು ತೋರಿಸಿದರು. ಟಿಡಿಎಸ್ ಕಂಟ್ರೋಲರ್ ಎಂದು ಕರೆಯುವ ಈ ಭಾಗ ಯಾವ ಖನಿಜವನ್ನೂ ಸೇರಿಸುವುದಿಲ್ಲ; ಮೆಂಬ್ರೇನ್ ಹಾದು ಬರದ ನೀರನ್ನು ಅಷ್ಟಿಷ್ಟು ತಂದು ಶುದ್ಧ ನೀರಿಗೆ ಬೆರೆಸುತ್ತದೆ. ಆ ನೀರು ಕಾರ್ಬನ್ ಫಿಲ್ಟರ್ ಹಾದಿರುತ್ತದೆ, ಯುವಿ ದೀಪದ ಬೆಳಕನ್ನೂ ಕಂಡಿರುತ್ತದೆ ನಿಜ, ಆದರೆ ಅವೆರಡೂ ಫ್ಲೋರೈಡನ್ನು ತಡೆಯುವುದಿಲ್ಲ. ಯಾವುದನ್ನು ತೆಗೆಯಲೆಂದು ಇಷ್ಟು ದುಡ್ಡು ಸುರಿದು ಯಂತ್ರ ತಂದೆವೋ ಅದನ್ನೇ ರುಚಿಯ ಹೆಸರಿನಲ್ಲಿ ವರ್ಷಗಟ್ಟಲೆ ಕುಡಿದಿದ್ದೆವು. ಸ್ಕ್ರೂ ಬಿಗಿದು, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಿಸಿದಾಗ ಮೀಟರ್ 85 ತೋರಿಸಿತು. ತೆಗೆದೆಸೆದ ಹಳೆಯ ಮೆಂಬ್ರೇನ್‌ಗೂ ಏನೂ ಆಗಿರಲಿಲ್ಲವೆಂದೇ ಈಗ ನನಗನ್ನಿಸುತ್ತದೆ. ಲವಣ ಕಡಿಮೆಯಿರುವ ಕಾವೇರಿ ನೀರು ಬರುವ ಮನೆಗಳಲ್ಲಿ ಈ ಸ್ಕ್ರೂ ದೊಡ್ಡ ಅಪರಾಧವಲ್ಲ. ಅಸಲಿಗೆ ಅಂಥ ಕಡೆ ಆರ್‌ಒ ಬೇಕೇ ಎಂಬುದೇ ಪ್ರಶ್ನೆ.

ಸಂಸ್ಥೆಯೊಂದಿಗಿದ್ದ ಸರ್ವಿಸ್‌ನ ವಾರ್ಷಿಕ ಒಪ್ಪಂದವನ್ನು ನಾನು ಅಂದೇ ಬಿಟ್ಟೆ. ಅಲ್ಲಿಂದ ಈಚೆಗೆ ಈ ಯಂತ್ರದ ಮೇಲೆ ಒಂದು ಬಗೆಯ ಅಕ್ಕರೆಯೇ ಹುಟ್ಟಿದೆ. ಎರಡೂವರೆ ತಿಂಗಳಿಗೊಮ್ಮೆ, ಭಾನುವಾರ ಕಾಫಿ ಮುಗಿದ ಮೇಲೆ, ನಲ್ಲಿ ನಿಲ್ಲಿಸಿ, ಹೊರಗಿನ ಫಿಲ್ಟರ್ ಬಟ್ಟಲನ್ನು ಪ್ಲಾಸ್ಟಿಕ್ ಸ್ಪ್ಯಾನರ್‌ನಿಂದ ಬಿಚ್ಚುತ್ತೇನೆ. ಹಾಲಿನಂತೆ ಬೆಳ್ಳಗೆ ಒಳಹೋಗಿದ್ದ ಕ್ಯಾಂಡಲ್, ಅಂದರೆ ಕೆಸರು ಹಿಡಿಯುವ ಫಿಲ್ಟರ್ ಕೊಳವೆ, ರಾಗಿ ಹಿಟ್ಟಿನ ಮುದ್ದೆಯ ಬಣ್ಣಕ್ಕೆ ತಿರುಗಿ ಹೊರಬರುತ್ತದೆ. ಒತ್ತಿದರೆ ಕೈಗೆ ನುಣ್ಣನೆಯ ಕೆಸರು. ಬಟ್ಟಲನ್ನು ತೊಳೆದು, ರಬ್ಬರ್ ರಿಂಗ್ ಜಾರದಂತೆ ಕೂರಿಸಿ, 150 ರೂಪಾಯಿಯ ಹೊಸ ಕ್ಯಾಂಡಲ್ ಹಾಕುತ್ತೇನೆ. ಇದು ಕಟ್ಟಿಕೊಂಡರೆ ಪಂಪಿಗೆ ನೀರು ಸಾಲದೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಟಿಡಿಎಸ್ ಏರುತ್ತದೆ. ಅದನ್ನೂ ಮೆಂಬ್ರೇನ್ ತಲೆಗೆ ಕಟ್ಟುವವರಿದ್ದಾರೆ.

ಹೊರಹೋಗುವ ನೀರಿನ ವಿಷಯದಲ್ಲಿ ಮಾತ್ರ ನನಗೆ ಇನ್ನೂ ಸಮಾಧಾನವಿಲ್ಲ. ಒಂದು ಲೀಟರ್ ಕುಡಿಯುವ ನೀರಿಗೆ ಸುಮಾರು ಮೂರು ಲೀಟರ್ ಹೊರಹೋಗುತ್ತದೆ, ಅದೂ ಬರಗಾಲದ ಊರಿನಲ್ಲಿ. ಮೊದಮೊದಲು ಅದನ್ನು ಕರಿಬೇವಿನ ಗಿಡಕ್ಕೆ ಹಾಕಿ, ಎಲೆಗಳ ತುದಿ ಸುಟ್ಟಂತಾದದ್ದನ್ನು ಕಂಡು ನಿಲ್ಲಿಸಿದೆ. ಈಗ ಅದು ನೆಲ ಒರೆಸಲು ಮತ್ತು ಪಾಯಿಖಾನೆಗೆ.

ಇಂಥ ನೀರಿರುವ ಮನೆಗೆ ಯಂತ್ರವನ್ನು ಧಾರಾಳವಾಗಿ ಕೊಳ್ಳಬಹುದು, ಒಪ್ಪಂದ ಬೇಡ. ಸ್ಕ್ರೂ ಬಿಗಿದಿರುವ ಜಾಗದಲ್ಲಿ ನನ್ನ ಮಗಳು ಕೆಂಪು ನೈಲ್ ಪಾಲಿಶ್‌ನಿಂದ ಗೆರೆ ಎಳೆದಿದ್ದಾಳೆ. ರಿಪೇರಿಗೆ ಯಾರೇ ಬಂದರೂ ಅಮ್ಮ ಮೊದಲು ಅವರಿಗೆ ಆ ಗೆರೆ ತೋರಿಸಿ, ಆಮೇಲೆ ಕಾಫಿ ಕೊಡುತ್ತಾರೆ.