ಕೆಲಸ ಹುಡುಕುವವರ ಕೈಯಲ್ಲಿ ಡಿಜಿಲಾಕರ್

ಕಳೆದ ಆರು ತಿಂಗಳಲ್ಲಿ ನಾನು ಬೆಂಗಳೂರಿನ ಹಲವು ಕಂಪನಿಗಳಿಗೆ ಅರ್ಜಿ ಹಾಕಿದ್ದೇನೆ. ಎಲ್ಲ ಕಡೆಯೂ ಗುರುತಿನ ದಾಖಲೆಗಳನ್ನು ಡಿಜಿಲಾಕರ್ ಮೂಲಕವೇ ಕೊಡಬೇಕೆಂದು ಮೊದಲೇ ತೀರ್ಮಾನಿಸಿದ್ದೆ. ಆ ಪ್ರಯತ್ನ ಎಲ್ಲಿ ಕೈಹಿಡಿಯಿತು, ಎಲ್ಲಿ ನಿಂತುಹೋಯಿತು ಎಂಬುದನ್ನು ಇನ್ನೊಬ್ಬ ಉದ್ಯೋಗಾರ್ಥಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಕೇಂದ್ರ ಸರ್ಕಾರ 2015ರ ಜುಲೈ 1ರಂದು ವಿಧ್ಯುಕ್ತವಾಗಿ ಆರಂಭಿಸಿದ ಈ ಉಚಿತ ಸೇವೆಯಲ್ಲಿ ಎರಡು ಖಾನೆಗಳಿವೆ. ನಾವೇ ಸ್ಕ್ಯಾನ್ ಮಾಡಿ ಏರಿಸುವ ಕಾಗದಗಳಿಗೆ 1 ಜಿಬಿ ಜಾಗವಿರುವುದು ಒಂದು. ಇಲಾಖೆ, ಪರೀಕ್ಷಾ ಮಂಡಳಿ, ವಿಶ್ವವಿದ್ಯಾಲಯಗಳು ತಮ್ಮ ದತ್ತಾಂಶದಿಂದ ನೇರವಾಗಿ ಕಳುಹಿಸುವ ದಾಖಲೆಗಳದ್ದು ಇನ್ನೊಂದು. ಕೆಲಸ ಹುಡುಕುವವರಿಗೆ ಬೆಲೆಯುಳ್ಳದ್ದು ಈ ಎರಡನೆಯದು ಮಾತ್ರ. 2017ರ ಫೆಬ್ರವರಿಯಲ್ಲಿ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ಸೇರಿಸಿದ 9ಎ ನಿಯಮದಂತೆ ಅಲ್ಲಿ ಬಂದು ಕೂತ ದಾಖಲೆಗೆ ಮೂಲಪ್ರತಿಗೆ ಸಮನಾದ ಮಾನ್ಯತೆಯಿದೆ. ನಾವೇ ಏರಿಸಿದ ಸ್ಕ್ಯಾನ್ ಪ್ರತಿಗೆ ಆ ಮಾನ್ಯತೆಯಿಲ್ಲ. ಅದು ಮೊಬೈಲಿನಲ್ಲಿರುವ ಜೆರಾಕ್ಸ್, ಅಷ್ಟೆ. ಸಂದರ್ಶನಕ್ಕೆ ಬಂದಿದ್ದ ಹಲವರು ಈ ವ್ಯತ್ಯಾಸ ತಿಳಿಯದೆ ಎಲ್ಲವನ್ನೂ ಸ್ಕ್ಯಾನ್ ಮಾಡಿ ತುಂಬಿಸಿ, ‘ಎಲ್ಲಾ ಡಿಜಿಲಾಕರ್‌ನಲ್ಲಿದೆ ಸರ್’ ಎನ್ನುತ್ತಿದ್ದುದನ್ನು ನೋಡಿದ್ದೇನೆ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಸಲೀಸಾಗಿ ಬಂದಿತು. ಪದವಿಯ ದಾಖಲೆ ಸಿಗುವುದು ವಿಶ್ವವಿದ್ಯಾಲಯ ಆ ವರ್ಷದ್ದನ್ನು ಏರಿಸಿದ್ದರೆ ಮಾತ್ರ. ನನ್ನನ್ನು ಮೂರು ವಾರ ಕಾಡಿದ್ದು ಪ್ಯಾನ್. ಅದರಲ್ಲಿ ಸೇವೆಯ ತಪ್ಪಿಲ್ಲ, ತೊಡಕು ನನ್ನ ಹೆಸರಿನಲ್ಲಿಯೇ ಇತ್ತು. ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಇಡುವುದು ವಾಡಿಕೆ, ನನ್ನ ‘ಕೆ. ಆರ್.’ನಲ್ಲಿ ಕೆ ಎಂದರೆ ಕಡೂರು, ಆರ್ ಎಂದರೆ ಅಪ್ಪನ ಹೆಸರಿನ ಮೊದಲ ಅಕ್ಷರ. ಶಾಲೆಯ ದಾಖಲೆಯಲ್ಲೂ ಆಧಾರ್‌ನಲ್ಲೂ ಹಾಗೆಯೇ ಇದೆ. ಪ್ಯಾನ್ ಅರ್ಜಿಯಾದರೋ ಕೊನೆಯ ಹೆಸರಿನ ಕಲಮಿನಲ್ಲಿ ಇನಿಷಿಯಲ್ ಒಪ್ಪುವುದಿಲ್ಲ. ಅರ್ಜಿ ತುಂಬಿದ ಸೈಬರ್ ಸೆಂಟರಿನ ಹುಡುಗ ಒಂದು ಕ್ಷಣ ಯೋಚಿಸಿ, ಅಲ್ಲಿ ಕಡೂರು ಎಂದು ಬರೆದುಬಿಟ್ಟಿದ್ದ. ವ್ಯಕ್ತಿಗಳ ಪ್ಯಾನ್ ಸಂಖ್ಯೆಯಲ್ಲಿ ಐದನೆಯ ಅಕ್ಷರ ಕುಲನಾಮದ ಮೊದಲ ಅಕ್ಷರವಾಗಿರುತ್ತದೆ. ಹೀಗಾಗಿ ಕುಲನಾಮವೇ ಇಲ್ಲದ ನನ್ನ ಸಂಖ್ಯೆಯಲ್ಲಿ ನಮ್ಮೂರು ಕಾಯಂ ಆಗಿ ಐದನೆಯ ಮನೆಯಲ್ಲಿ ಕುಳಿತಿದೆ.

ಇದರ ಫಲವಾಗಿ ಡಿಜಿಲಾಕರ್ ಪ್ಯಾನ್ ದಾಖಲೆಯನ್ನು ಹುಡುಕುವಾಗ ಆಧಾರ್‌ನ ಹೆಸರಿಗೂ ಪ್ಯಾನ್‌ನ ಹೆಸರಿಗೂ ತಾಳೆ ಬೀಳಲಿಲ್ಲ. ಎರಡರಲ್ಲಿ ಒಂದನ್ನು ತಿದ್ದಿಸಲೇಬೇಕಾಯಿತು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕಾದರೆ ಒಂದೇ. ನಾನು ಒಂದು ಅವಕಾಶ ಖರ್ಚು ಮಾಡಿ, ಇನಿಷಿಯಲ್‌ಗಳನ್ನು ಬಿಡಿಸಿ ಬರೆಸಿದೆ. ಪ್ಯಾನ್ ಬಂದಿತು. ಈಗ ಅಂಕಪಟ್ಟಿಯ ಹೆಸರು ಬೇರೆಯಾಯಿತು! ಕೊನೆಗೆ ನೋಟರಿಯ ಬಳಿ ಹೋಗಿ, ಈ ಎರಡು ಹೆಸರಿನವರೂ ಒಬ್ಬರೇ ಎಂದು ಇ-ಸ್ಟ್ಯಾಂಪ್ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿದೆ. ಅರ್ಜಿ ಹಾಕುವ ಮೊದಲೇ ಮೂರೂ ದಾಖಲೆಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಹೆಸರಿನ ಅಕ್ಷರ ಅಕ್ಷರವನ್ನೂ ಹೋಲಿಸಿ ನೋಡುವುದು ಒಳ್ಳೆಯದು. ಆಫರ್ ಲೆಟರ್ ಕೈಗೆ ಬಂದ ಮೇಲೆ ಈ ಓಡಾಟಕ್ಕೆ ಯಾರೂ ಸಮಯ ಕೊಡುವುದಿಲ್ಲ.

ಈ ಸೇವೆಯ ನಿಜವಾದ ಗುಣ ಕಾಣಿಸಿದ್ದು, ಒಂದು ಕಂಪನಿ ತನ್ನ ಹಿನ್ನೆಲೆ ಪರಿಶೀಲನೆಯ ಜಾಲತಾಣದಿಂದ ನನ್ನನ್ನು ನೇರವಾಗಿ ಡಿಜಿಲಾಕರ್‌ನ ಒಪ್ಪಿಗೆಯ ಪುಟಕ್ಕೆ ಕಳುಹಿಸಿದಾಗ. ಆರು ಅಂಕಿಯ ಪಿನ್ ಒತ್ತಿದ ಮೇಲೆ ಅವರು ಕೇಳುತ್ತಿರುವ ದಾಖಲೆಗಳ ಪಟ್ಟಿ ಬರುತ್ತದೆ, ಬೇಡದ್ದರ ಮುಂದಿನ ಗುರುತನ್ನು ತೆಗೆಯಬಹುದು, ಒಪ್ಪಿಗೆ ಎಂದಿನವರೆಗೆ ಎಂಬುದನ್ನೂ ಅಲ್ಲಿಯೇ ಬದಲಿಸಬಹುದು. ಆಧಾರ್‌ನ ಮುಂದಿದ್ದ ಗುರುತನ್ನು ತೆಗೆದು ಪ್ಯಾನ್, ಚಾಲನಾ ಪರವಾನಗಿಗಳನ್ನಷ್ಟೇ ಕೊಟ್ಟೆ; ಯಾರೂ ತಕರಾರು ಮಾಡಲಿಲ್ಲ. ಒಟ್ಟು ಕೆಲಸಕ್ಕೆ ನಾಲ್ಕು ನಿಮಿಷ ಸಾಕಾಯಿತು.

ಇದಕ್ಕೆ ತದ್ವಿರುದ್ಧ ಅನುಭವ ಒಂದು ಪ್ಲೇಸ್‌ಮೆಂಟ್ ಏಜೆನ್ಸಿಯದು. ಸಂದರ್ಶನದ ದಿನಾಂಕ ಕೂಡ ಹೇಳದೆ, ಆಧಾರ್‌ನ ಎರಡೂ ಬದಿ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಇವಿಷ್ಟನ್ನೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಬೇಕೆಂದರು. ಕಡೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಪ್ರತಿಯನ್ನು, ಆಧಾರ್ ನೀಡುವ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡು ಅದೊಂದನ್ನೇ ಕಳುಹಿಸಿದೆ. ‘ಇದು ನಡೆಯಲ್ಲ, ಫುಲ್ ನಂಬರ್ ಕಾಣಬೇಕು’ ಎಂಬ ಉತ್ತರ ಬಂದಿತು. ಏಕೆ ಎಂದು ಕೇಳಿದೆ. ಆಮೇಲೆ ಅವರಿಂದ ಸುದ್ದಿಯಿಲ್ಲ.

ಆಧಾರ್‌ನ ಜೆರಾಕ್ಸನ್ನು ಕಂಡಕಂಡವರಿಗೆ ಕೊಡಬಾರದೆಂದು ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ 2022ರ ಮೇ 27ರಂದು ಪ್ರಕಟಣೆ ಹೊರಡಿಸಿತ್ತು. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆಂದು ಎರಡೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದು, ಎಂದಿನಂತೆ ಎಚ್ಚರ ವಹಿಸಿದರೆ ಸಾಕು ಎಂದರು. ಖಾಸಗಿ ಸಂಸ್ಥೆಗಳು ಆಧಾರನ್ನೇ ಕೇಳಲು ನೆಲೆಯಾಗಿದ್ದ, ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗವನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 2018ರ ಸೆಪ್ಟೆಂಬರ್ 26ರಂದು. ಆ ಮೊಕದ್ದಮೆ ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. (ಅವರಿಗೂ ಎರಡು ಇನಿಷಿಯಲ್ ಇದ್ದವು ಎಂಬುದು ನನಗೊಂದು ಸಣ್ಣ ಸಮಾಧಾನ.) ಆದರೆ ಕೆಲಸಕ್ಕೆ ಸೇರಿದ ಮೇಲಿನ ಮಾತೇ ಬೇರೆ: ಭವಿಷ್ಯ ನಿಧಿಯ ಯುಎಎನ್ ಎಂಬ 12 ಅಂಕಿಯ ಸದಸ್ಯ ಸಂಖ್ಯೆಗೆ ಆಧಾರ್ ಜೋಡಣೆ ಕಡ್ಡಾಯ, ಅಲ್ಲಿ ವಾದಕ್ಕೆ ಎಡೆಯಿಲ್ಲ. ತಮಾಷೆಯೆಂದರೆ, ಅದೇ ಭವಿಷ್ಯ ನಿಧಿ ಸಂಸ್ಥೆ 2024ರ ಜನವರಿಯಲ್ಲಿ ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ತೆಗೆದುಹಾಕಿತು. ಅದಕ್ಕೆ ಮತ್ತೆ ಹತ್ತನೆಯ ತರಗತಿಯ ಅಂಕಪಟ್ಟಿಯಂಥ ಬೇರೆ ದಾಖಲೆಯೇ ಬೇಕಾಯಿತು.

ಡಿಜಿಲಾಕರ್‌ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹಿಂದಿನ ಕಂಪನಿಯ ಅನುಭವ ಪತ್ರ, ಸಂಬಳದ ಚೀಟಿಗಳಂಥವು ಸಾಮಾನ್ಯವಾಗಿ ಅಲ್ಲಿಗೆ ನೇರವಾಗಿ ಬರದ ಕಾರಣ ಫೈಲಿನ ಸಹವಾಸ ಪೂರ್ತಿ ತಪ್ಪುವುದಿಲ್ಲ. ಒಂದು ಅಂಕ ಕಳೆದಿರುವುದು ಅದಕ್ಕೆ. ಕಂಪನಿಗಳಿಗೆ ಅಂಕ ಕೊಡುವ ಹಾಗಿದ್ದರೆ ನನ್ನ ಕೈ ಬಿಗಿಯಾಗಿರುತ್ತಿತ್ತು. ರಸ್ತೆಯಲ್ಲಿ ಟ್ರಾಫಿಕ್ ಪೊಲೀಸರು ಮೊಬೈಲಿನಲ್ಲಿ ನೋಡಿ ಒಪ್ಪುವ ಚಾಲನಾ ಪರವಾನಗಿಯನ್ನು ಎಷ್ಟೋ ಕಡೆ ಎಚ್‌ಆರ್ ವಿಭಾಗದವರು ಒಪ್ಪಲಾರರು. ನನಗೆ ಕೆಲಸ ಕೊಟ್ಟ ಸಂಸ್ಥೆಯಲ್ಲೂ ಹಾಗೆಯೇ ಆಯಿತು. ದಾಖಲೆಯ ಕ್ಯೂಆರ್ ಕೋಡನ್ನು ಅವರ ಎದುರೇ ಸ್ಕ್ಯಾನ್ ಮಾಡಿ ತೋರಿಸಿದೆ, ಹಸಿರು ಗುರುತು ಬಂದಿತು. ಮೇಜಿನಾಚೆ ಕುಳಿತಿದ್ದ ಹೆಣ್ಣುಮಗಳು ಮೆಚ್ಚುಗೆಯಿಂದಲೇ ನೋಡಿ, ‘ಚೆನ್ನಾಗಿದೆ, ಇದರದ್ದೇ ಒಂದು ಪ್ರಿಂಟ್ ತೆಗೆಸಿಕೊಂಡು ಬಂದುಬಿಡಿ’ ಎಂದರು. ಕೆಳಗಿನ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ‘ಉದ್ಯೋಗದ ಅರ್ಜಿಗೆ ಮಾತ್ರ’ ಎಂದು ಅಡ್ಡಲಾಗಿ ಬರೆದು, ದಿನಾಂಕ ಹಾಕಿ, ಸ್ವಯಂ ದೃಢೀಕರಣದ ಸಹಿ ಮಾಡಿ ಕೊಟ್ಟು ಬಂದೆ.