ಬೆಳಗಿನ ಹುಲಿ, ಶುಕ್ರವಾರದ ಬಸ್ಸು, ಸೋಮವಾರದ ಕಡಲು

ಟೋಕಿಯೊದ ನಿಶಿ-ಕಸಾಯ್‌ನಲ್ಲಿ ನಮ್ಮ ಮನೆ. ಇಲ್ಲಿ ಭಾರತದವರು ಜಾಸ್ತಿ. ಸಂಜೆ ಪಾರ್ಕಿಗೆ ಹೋದರೆ ಕನ್ನಡವೂ ಕಿವಿಗೆ ಬೀಳುತ್ತದೆ. 2024ರಲ್ಲಿ ಮೂರು ಜಪಾನಿ ಧಾರಾವಾಹಿಗಳನ್ನು ಮೊದಲಿನಿಂದ ಕೊನೆಯವರೆಗೂ ನೋಡಿದೆ. ಅವುಗಳ ಹಾಡುಗಳನ್ನು ತೋಜಾಯ್ ಲೈನ್ ರೈಲಿನಲ್ಲಿ ನಿಂತುಕೊಂಡೇ ಎಷ್ಟೋ ಸಲ ಕೇಳಿದೆ. ಸ್ಟೇಷನ್ ಹತ್ತಿರದ ಕರೋಕೆಗೆ ಹೋಗಿ ಹಾಡಿಯೂ ನೋಡಿದೆ. ಊರಿನಲ್ಲಿರುವ ನನ್ನ ತಂಗಿ ಮೊನ್ನೆ ಫೋನಿನಲ್ಲಿ ‘ಅಕ್ಕಾ, ಯಾವುದರಿಂದ ಶುರು ಮಾಡಲಿ?’ ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಇಲ್ಲಿ ಧಾರಾವಾಹಿ ಬೇರೆ, ಹಾಡು ಬೇರೆ ಅಂತ ನೋಡಲು ಆಗುವುದಿಲ್ಲ. ದೊಡ್ಡ ಗಾಯಕರು, ಬ್ಯಾಂಡುಗಳು ಒಂದು ಧಾರಾವಾಹಿಗೆಂದೇ ಹೊಸ ಹಾಡು ಬರೆಯುತ್ತಾರೆ. ಕಥೆ ಶುರುವಾಗುವ ಹೊತ್ತಿಗೆ ಅದು ಸಿಂಗಲ್ ಆಗಿ ಹೊರಗೂ ಬರುತ್ತದೆ. ನಮ್ಮ ಕನ್ನಡ ಧಾರಾವಾಹಿಗಳಲ್ಲಿ ಶೀರ್ಷಿಕೆ ಗೀತೆ ಮೊದಲೇ ಬಂದು ಹೋಗುತ್ತದೆ, ಅಲ್ವಾ? ಜಪಾನಿನ ರಾತ್ರಿ ಧಾರಾವಾಹಿಗಳಲ್ಲಿ ಹೆಚ್ಚಾಗಿ ಹಾಗಲ್ಲ. ಕೊನೆಯ ಹತ್ತು ನಿಮಿಷದಲ್ಲಿ, ಯಾರೋ ಮುಖ್ಯವಾದ ಮಾತು ಆಡುವಾಗ, ಆ ಮಾತಿನ ಕೆಳಗಿನಿಂದ ಹಾಡು ಮೆಲ್ಲಗೆ ಏಳುತ್ತದೆ. ಆ ಏಳುವ ಜಾಗ ಸರಿಯಾಗಿ ಸಿಕ್ಕಿದರೆ ಸಾಧಾರಣ ಹಾಡೂ ಮನಸ್ಸಿನಲ್ಲಿ ನಿಂತುಬಿಡುತ್ತದೆ.

ನನಗೆ ಇದನ್ನು ಕಲಿಸಿದ್ದು 2018ರ ‘ಅನ್‌ನ್ಯಾಚುರಲ್’. ಕಾರಣ ತಿಳಿಯದ ಸಾವುಗಳನ್ನು ಪರೀಕ್ಷೆ ಮಾಡುವ ಲ್ಯಾಬಿನ ಕಥೆ ಅದು. ಅದಕ್ಕೆ ಕೆನ್ಶಿ ಯೊನೆಜು ಬರೆದ ಹಾಡು ‘ಲೆಮನ್’. ಅವರು ಆ ಹಾಡು ಬರೆಯುತ್ತಿದ್ದಾಗಲೇ ಅವರ ತಾತ ತೀರಿಕೊಂಡರು. ಸತ್ತವರ ಹಿಂದಿನ ನಿಜ ಗೊತ್ತಾಗುವ ಹೊತ್ತಿಗೆ ಪ್ರತಿ ವಾರ ಆ ಹಾಡು ಬರುತ್ತಿತ್ತು. ಬಿಲ್‌ಬೋರ್ಡ್ ಜಪಾನಿನ ವರ್ಷದ ಪಟ್ಟಿಯಲ್ಲಿ ಅದು 2018, 2019 ಎರಡರಲ್ಲೂ ಮೊದಲ ಸ್ಥಾನದಲ್ಲಿತ್ತು. ಆಮೇಲೆ ಬಂದ ಎಲ್ಲ ಜೋಡಿಗಳನ್ನೂ ನಾನು ಅದರ ಪಕ್ಕ ಇಟ್ಟೇ ನೋಡುವುದು.

ಮೊದಲು ಶುಕ್ರವಾರದ ಬಸ್ಸು. ಟಿಬಿಎಸ್‌ನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ರಾತ್ರಿ ಹತ್ತಕ್ಕೆ ಬಂದ ಹತ್ತು ಕಂತುಗಳ ಧಾರಾವಾಹಿ ಇದು. ಉದ್ದದ ಹೆಸರು: ‘ಫುತೆಕಿಸೆತ್ಸು ನಿ ಮೊ ಹೊದೊ ಗಾ ಅರು’. ‘ತಲೆಹರಟೆಗೂ ಒಂದು ಮಿತಿ ಬೇಡ್ವಾ’ ಅನ್ನಬಹುದು. ಎಲ್ಲರೂ ‘ಫುತೆಹೊದೊ’ ಅಂತ ಚಿಕ್ಕದು ಮಾಡಿದರು. ಆ ಚಿಕ್ಕ ಹೆಸರಿಗೇ ಆ ವರ್ಷದ ಹೊಸ ಪದದ ದೊಡ್ಡ ಬಹುಮಾನ ಬಂತು.

1986ರ ಪಿ.ಟಿ. ಮೇಷ್ಟ್ರು ಇಚಿರೊ ಒಗಾವಾ. ಬಾಯಿ ಬಿಟ್ಟರೆ ಬೈಗುಳ, ಮಕ್ಕಳಿಗೆ ಏಟು, ಎಲ್ಲೆಂದರಲ್ಲಿ ಸಿಗರೇಟು. ಒಂದು ದಿನ ಬಸ್ಸು ಹತ್ತಿದವರು 2024ಕ್ಕೆ ಬಂದು ಇಳಿಯುತ್ತಾರೆ. ಸದಾವೊ ಅಬೆ ಈ ಪಾತ್ರ ಮಾಡಿದ್ದಾರೆ. ಬರೆದವರು ಕಾಂಕುರೊ ಕುದೊ. ಹಳೇ ಕಾಲ ಚೆನ್ನಾಗಿತ್ತು ಅಂತಲೂ ಹೇಳುವುದಿಲ್ಲ, ಈಗಿನ ಕಾಲವೇ ಸರಿ ಅಂತಲೂ ಹೇಳುವುದಿಲ್ಲ. ಮೇಷ್ಟ್ರು ಕೆಟ್ಟದಾಗಿ ಮಾತಾಡಿದಾಗಲೆಲ್ಲ ‘ಇದು ಆ ಕಾಲದ ಭಾಷೆ, ಹಾಗೇ ಇಟ್ಟಿದ್ದೇವೆ’ ಅನ್ನುವ ಅರ್ಥದ ಸೂಚನೆ ಪರದೆಯ ಮೇಲೆ ಬರುತ್ತದೆ. ಅದೂ ಕಥೆಯ ಭಾಗವೇ.

ಮಾತಿನ ನಡುವೆ ಎಲ್ಲರೂ ಎದ್ದು ಹಾಡಿ ಕುಣಿಯಲು ಶುರು ಮಾಡುತ್ತಾರೆ, ಪ್ರತಿ ಕಂತಿನಲ್ಲೂ. ನನ್ನ ಆಫೀಸಿನ ಜಪಾನಿ ಗೆಳತಿಯರಿಗೆ ಇದು ದೊಡ್ಡ ಆಶ್ಚರ್ಯ. ನನಗೆ ಏನೂ ಅನಿಸಲಿಲ್ಲ. ದುಃಖಕ್ಕೆ, ಜಗಳಕ್ಕೆ, ಪ್ರೀತಿಗೆ ಹಾಡು ಹಾಕುವುದನ್ನು ನೋಡುತ್ತಲೇ ಬೆಳೆದವರು ನಾವು. ಗೆಳತಿಯರು ಬಿದ್ದು ಬಿದ್ದು ನಗುತ್ತಿದ್ದ ಜಾಗದಲ್ಲಿ ನನಗೆ ಕಣ್ಣು ತುಂಬಿಕೊಂಡಿತ್ತು.

ನೋಡಬೇಕು ಅಂತಿರುವವರು ಈ ಪ್ಯಾರಾ ಬಿಟ್ಟುಬಿಡಿ. ಅರ್ಧ ದಾರಿಯಲ್ಲಿ ಮೇಷ್ಟ್ರಿಗೆ ಗೊತ್ತಾಗುತ್ತದೆ: ತಾವೂ ಮಗಳು ಜುಂಕೊಳೂ 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ ಸಾಯುವವರು. 6,400ಕ್ಕೂ ಹೆಚ್ಚು ಜನ ಸತ್ತ ಭೂಕಂಪ ಅದು. ಅಲ್ಲಿಯವರೆಗೆ ನಗಿಸುತ್ತಿದ್ದ ಕಥೆ ಒಮ್ಮೆಲೇ ಭಾರವಾಗುತ್ತದೆ. ಅದು ಗೊತ್ತಿದ್ದೂ ಅವರು ಮತ್ತೆ 1986ಕ್ಕೆ ಹೋಗಿ ಮಗಳ ಜೊತೆ ಜಗಳ ಆಡುತ್ತಾರೆ. ಜುಂಕೊ ಆಗಿ ಯೂಮಿ ಕವಾಯ್ ಮಾಡಿದ್ದು ನನಗೆ ಆ ವರ್ಷದ ಅತಿ ಇಷ್ಟದ ಅಭಿನಯ.

ಹಾಡು? ಕ್ರೀಪಿ ನಟ್ಸ್ ಅನ್ನುವ ಇಬ್ಬರ ತಂಡದ ‘ನಿದೊನೆ’. ಎಚ್ಚರವಾದ ಮೇಲೆ ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗುವುದಕ್ಕೆ ಜಪಾನಿಯಲ್ಲಿ ಈ ಹೆಸರು. ಆರ್-ಶಿತೇಯ್ ರ‍್ಯಾಪ್ ಮಾಡುವವರು. ಡಿಜೆ ಮತ್ಸುನಾಗಾ 2019ರಲ್ಲಿ ಡಿಜೆಗಳ ವಿಶ್ವ ಸ್ಪರ್ಧೆ ಗೆದ್ದವರು. ಹಾಡು ಚೆನ್ನಾಗಿದೆ. ಆದರೆ ಕಂತಿನ ಒಳಗೇ ಅಷ್ಟು ಹಾಡು ಇದ್ದಾಗ ಇದಕ್ಕೆ ಜಾಗ ಸಿಗಲಿಲ್ಲ. ಅದೇ ಚಳಿಗಾಲದಲ್ಲಿ ಅವರದೇ ‘ಬ್ಲಿಂಗ್-ಬ್ಯಾಂಗ್-ಬ್ಯಾಂಗ್-ಬಾರ್ನ್’ ಒಂದು ಅನಿಮೆಗಾಗಿ ಬಂದು ಊರೆಲ್ಲ ಹಬ್ಬಿತು. ಬಿಲ್‌ಬೋರ್ಡ್ ಜಪಾನಿನ ಆ ವರ್ಷದ ಮೊದಲ ಸ್ಥಾನವೂ ಅದಕ್ಕೇ. ಅದರ ನೆರಳಿನಲ್ಲಿ ‘ನಿದೊನೆ’ ಉಳಿದುಹೋಯಿತು. ರೈಲಿನಲ್ಲಿ ಕೇಳಿದಾಗ ನನಗೆ ಮೇಷ್ಟ್ರು ನೆನಪಾಗಲಿಲ್ಲ. ಜೋಡಿಯಾಗಿ ನೋಡಿದರೆ ಇಲ್ಲಿ ಕಥೆ ಗೆದ್ದಿತು, ಹಾಡು ಜೊತೆಗೆ ಬರಲಿಲ್ಲ.

ಸೋಮವಾರದ ಕಡಲಿನದು ಸರಿ ಉಲ್ಟಾ ಅನುಭವ. ‘ಉಮಿ ನೊ ಹಜಿಮರಿ’, ಜುಲೈನಿಂದ ಸೆಪ್ಟೆಂಬರ್‌ವರೆಗೆ ಫುಜಿ ಟಿವಿಯಲ್ಲಿ ಸೋಮವಾರ ರಾತ್ರಿ ಒಂಬತ್ತಕ್ಕೆ ಬಂದ ಹನ್ನೆರಡು ಕಂತು. ಇದರ ಹಾಡನ್ನು ಮೊದಲು ಕೇಳಿದೆ, ಕಥೆ ಆಮೇಲೆ ನೋಡಿದೆ. ಬ್ಯಾಕ್ ನಂಬರ್ ಬ್ಯಾಂಡಿನ ಹಾಡು ಅದು. ‘ಹೊಸ ಪ್ರೇಮಿಗಳಿಗೆ’ ಅನ್ನುವುದು ಹೆಸರಿನ ಅರ್ಥ. ಹೆಸರು ಕೇಳಿ ಪ್ರೇಮಗೀತೆ ಅಂದುಕೊಂಡೆ. ಇಯೊರಿ ಶಿಮಿಜು ಅವರ ದನಿ ಎತ್ತರಕ್ಕೆ ಹೋದಾಗ ಸ್ವಲ್ಪ ಬಿರುಕು ಬಿಟ್ಟ ಹಾಗೆ ಕೇಳುತ್ತದೆ, ಅದು ಇಷ್ಟವಾಯಿತು. ಅಷ್ಟೇ.

ಆಗಸ್ಟ್‌ನಲ್ಲಿ ಓಬೊನ್ ರಜೆ ಬಂತು. ಫುಜಿಯವರದೇ ಆನ್‌ಲೈನ್ ಸೇವೆ ಎಫ್‌ಒಡಿಗೆ ದುಡ್ಡು ಕಟ್ಟಿ ಹಳೆ ಕಂತುಗಳನ್ನೆಲ್ಲ ಒಟ್ಟಿಗೆ ನೋಡಿದೆ. ನಾತ್ಸು ಅನ್ನುವ ಹುಡುಗ, ಪ್ರಿಂಟಿಂಗ್ ಕಂಪನಿಯಲ್ಲಿ ಕೆಲಸ. ಕಾಲೇಜಿನಲ್ಲಿ ಪ್ರೀತಿಸಿದ್ದ ಮಿಜುಕಿ ಸತ್ತಳು ಅಂತ ಗೊತ್ತಾಗಿ ಅಂತ್ಯಕ್ರಿಯೆಗೆ ಹೋಗುತ್ತಾನೆ. ಅಲ್ಲಿ ಒಂದು ಪುಟ್ಟ ಹುಡುಗಿ. ಹೆಸರು ಉಮಿ, ಅಂದರೆ ಕಡಲು. ಅವಳು ಅವನದೇ ಮಗಳು. ಗರ್ಭಪಾತದ ಕಾಗದಕ್ಕೆ ಅವನು ಸಹಿ ಹಾಕಿಕೊಟ್ಟಿದ್ದ. ಮಿಜುಕಿ ಅವನಿಗೆ ಹೇಳದೆ ಮಗುವನ್ನು ಹೆತ್ತು ಬೆಳೆಸಿದ್ದಳು. ‘ನಿನ್ನ ಅಪ್ಪತನ ಯಾವಾಗ ಶುರುವಾಗುತ್ತೆ?’ ಅನ್ನುವ ಅರ್ಥದಲ್ಲಿ ಆ ಮಗು ಕೇಳುತ್ತದೆ. ನಾತ್ಸು ಆಗಿ ಮಾಡಿರುವ ರೆನ್ ಮೆಗುರೊ ಉತ್ತರ ಕೊಡದೆ ಸುಮ್ನೆ ನಿಲ್ಲುತ್ತಾರೆ. ಆಗ ಹಾಡು ಬರುತ್ತದೆ. ಪ್ರೇಮಗೀತೆ ಅಂದುಕೊಂಡಿದ್ದ ಅದೇ ಹಾಡು. ಆ ಹೊತ್ತಿನಿಂದ ಅದು ನನಗೆ ದೊಡ್ಡವರೊಬ್ಬರು ಮಗುವಿಗೆ ಹಾಡುವ ಹಾಡಾಗಿಬಿಟ್ಟಿತು. ಇನ್ನು ಬೇರೆ ತರಹ ಕೇಳಲು ನನ್ನಿಂದ ಆಗುವುದಿಲ್ಲ.

ಮೆಗುರೊ ಸ್ವತಃ ಸ್ನೋ ಮ್ಯಾನ್ ಅನ್ನುವ ತಂಡದ ಗಾಯಕ. ತಮ್ಮ ತಂಡದ ನಟ ಇದ್ದ ಕಡೆ ತಂಡದ್ದೇ ಹಾಡು ಹಾಕಿಸುವುದು ಇಲ್ಲಿ ಸಾಮಾನ್ಯ. ಇಲ್ಲಿ ಹಾಗೆ ಮಾಡಲಿಲ್ಲ. ಒಳ್ಳೆಯದೇ ಆಯಿತು. ನಾತ್ಸು ಮಾತು ಹೊರಡದೆ ನಿಂತಿರುವಾಗ ಅವನದೇ ದನಿ ಹಿಂದಿನಿಂದ ಹಾಡಿದ್ದರೆ ಆ ಮೌನ ಉಳಿಯುತ್ತಿರಲಿಲ್ಲ.

ಬರೆದವರು ಮಿಕು ಉಬುಕಾತಾ. ಅವರ ಮಾತುಗಳು ತುಂಬಾ ಚಿಕ್ಕವು, ವಾಕ್ಯದ ಬಾಲದಲ್ಲೇ ಎಲ್ಲ ಇರುತ್ತದೆ. ಇಂಗ್ಲಿಷ್ ಸಬ್‌ಟೈಟಲ್ ಓದುವವರಿಗೆ ಅದು ಸಿಗುವುದೇ ಇಲ್ಲ. ಕನ್ನಡದವರಿಗೆ ಸಿಗುತ್ತದೆ! ‘ತಾಬೆತೆ ಮಿರು’ ಅಂದರೆ ನಮ್ಮ ಹಾಗೇ ‘ತಿಂದು ನೋಡು’. ಅಲ್ಲೂ ‘ನೋಡು’ ಅನ್ನುವ ಮಾತೇ. ‘ವಸುರೆತೆ ಶಿಮತ್ತಾ’ ಅಂದರೆ ‘ಮರೆತೆ’ ಅಲ್ಲ, ‘ಮರೆತುಬಿಟ್ಟೆ’. ಕೊನೆಗೆ ಬರುವ ‘ನೆ’ ನಮ್ಮ ‘ಅಲ್ವಾ’. ಮನೆಯಿಂದ ಹೊರಡುವಾಗ ಹೇಳುವ ‘ಇತ್ತೆಕಿಮಾಸು’ ಅಕ್ಷರಕ್ಕಕ್ಷರ ‘ಹೋಗಿ ಬರ್ತೀನಿ’. ಅಮ್ಮನನ್ನು ಕಳೆದುಕೊಂಡ ಮಗು ಇರುವ ಮನೆಯಲ್ಲಿ ಆ ಮಾತು ಕೇಳಿದರೆ ಹೇಗಿರುತ್ತದೆ ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಒಂದು ದೂರು ಇದೆ. ಕಥೆ ತುಂಬಾ ನಿಧಾನ. ನಡುವಿನ ಕಂತುಗಳಲ್ಲಿ ಒಬ್ಬರ ನಂತರ ಒಬ್ಬರು ನಾತ್ಸುವನ್ನು ತಪ್ಪಿತಸ್ಥನ ಹಾಗೆ ನಿಲ್ಲಿಸುತ್ತಾರೆ. ಅವನ ಈಗಿನ ಗೆಳತಿ ಯಾಯೊಯಿಯ ನೋವೇ ನನಗೆ ಹೆಚ್ಚು ನಿಜ ಅನಿಸಿತು. ಕಸುಮಿ ಅರಿಮುರಾ ಆ ಪಾತ್ರವನ್ನು ಎಷ್ಟು ತಡೆದು ತಡೆದು ಮಾಡಿದ್ದಾರೆ! ಅವಳ ಕಥೆಗೆ ಇನ್ನೂ ಎರಡು ಕಂತು ಕೊಡಬೇಕಿತ್ತು.

ಈಗ ಬೆಳಗಿನ ಹುಲಿ. ಎನ್‌ಎಚ್‌ಕೆಯ ಬೆಳಗಿನ ಧಾರಾವಾಹಿಗೆ ‘ಅಸಾದೊರಾ’ ಅನ್ನುತ್ತಾರೆ. ಸೋಮವಾರದಿಂದ ಶುಕ್ರವಾರ, ಬೆಳಗ್ಗೆ ಎಂಟಕ್ಕೆ, ಹದಿನೈದೇ ನಿಮಿಷ. ಮಧ್ಯಾಹ್ನ 12:45ಕ್ಕೆ ಮತ್ತೆ ಹಾಕುತ್ತಾರೆ. ನಮ್ಮ ಗೋಡೆಯಾಚೆ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಎಂಟು ಹೊಡೆದರೆ ಅವರ ಟಿವಿ ದನಿ ನಮಗೂ ಕೇಳುತ್ತದೆ. ಡಬ್ಬಿ ಕಟ್ಟುತ್ತಾ ಕಟ್ಟುತ್ತಾ ನಾನೂ ಹಾಕಿಕೊಳ್ಳಲು ಶುರು ಮಾಡಿದೆ.

‘ತೊರಾ ನಿ ತ್ಸುಬಾಸಾ’ ಅಂದರೆ ಹುಲಿಗೆ ರೆಕ್ಕೆ. ಮೊದಲೇ ಬಲ ಇದ್ದವರಿಗೆ ಇನ್ನಷ್ಟು ಬಲ ಬಂದರೆ ಹೇಳುವ ಗಾದೆ. ಹುಲಿ ವರ್ಷದಲ್ಲಿ, 1914ರಲ್ಲಿ, ಹುಟ್ಟಿದ ತೊಮೊಕೊಳ ಕಥೆ. ಜಪಾನಿನ ಮೊದಲ ಮಹಿಳಾ ವಕೀಲರಲ್ಲಿ ಒಬ್ಬರಾದ, ಮುಂದೆ ಕುಟುಂಬ ನ್ಯಾಯಾಲಯದ ಮೊದಲ ಮಹಿಳಾ ಮುಖ್ಯಸ್ಥೆಯಾದ ಯೊಶಿಕೊ ಮಿಬುಚಿ ಅವರ ಬದುಕನ್ನು ನೋಡಿ ಹೆಣೆದದ್ದು. ಬರೆದವರು ಎರಿಕಾ ಯೊಶಿದಾ, ತೊಮೊಕೊ ಆಗಿ ಸೈರಿ ಇತೋ.

ಮೊದಲ ದೃಶ್ಯದಲ್ಲೇ ಯುದ್ಧ ಮುಗಿದ ಜಪಾನ್. ನದಿ ದಡದಲ್ಲಿ ಕೂತು ತೊಮೊಕೊ ಪತ್ರಿಕೆಯಲ್ಲಿ ಹೊಸ ಸಂವಿಧಾನ ಓದುತ್ತಾ ಅಳುತ್ತಾಳೆ. ಅವಳು ಓದುವುದು 14ನೇ ವಿಧಿ: ಕಾನೂನಿನ ಎದುರು ಎಲ್ಲರೂ ಸಮಾನ. ನನ್ನ ಕೈಯಲ್ಲಿದ್ದ ಡಬ್ಬಿ ಅಲ್ಲೇ ಉಳಿಯಿತು. ನಮ್ಮ ಸಂವಿಧಾನದಲ್ಲೂ ಸಮಾನತೆ 14ನೇ ವಿಧಿಯೇ ಅಲ್ವಾ! ಕೆಲವೇ ವರ್ಷಗಳ ಅಂತರದಲ್ಲಿ ಎರಡು ದೇಶಗಳು ಅದೇ ಸಂಖ್ಯೆಯ ಕೆಳಗೆ ಅದೇ ಮಾತು ಬರೆದುಕೊಂಡಿವೆ.

ಕಥೆ ಅಲ್ಲಿಂದ 1931ಕ್ಕೆ ಹೋಗುತ್ತದೆ. ಮದುವೆಯಾದ ಹೆಂಗಸಿಗೆ ಕಾನೂನಿನ ಲೆಕ್ಕದಲ್ಲಿ ಸಾಮರ್ಥ್ಯವೇ ಇಲ್ಲ ಅಂತ ಆಗಿನ ನಾಗರಿಕ ಸಂಹಿತೆ ಹೇಳುತ್ತಿತ್ತು. ಅದನ್ನು ಕೇಳಿ ತೊಮೊಕೊ ‘ಹತೆ?’ ಅನ್ನುತ್ತಾಳೆ. ‘ಅಲ್ಲಾ, ಹಾಗಂದ್ರೆ?’ ಅನ್ನುವ ಹಾಗೆ. ಆರು ತಿಂಗಳೂ ಅವಳ ಬಾಯಲ್ಲಿ ಅದೇ ಪ್ರಶ್ನೆ. ತಾಯಿಯಿಂದ ಬಂದ ಕಿಮೊನೊವನ್ನು ಗಂಡನಿಂದ ವಾಪಸು ಕೇಳುವ ಹೆಂಗಸಿನ ಮೊಕದ್ದಮೆ ಒಂದಿದೆ. ಟಿ.ಎನ್. ಸೀತಾರಾಂ ಅವರ ಸಿಎಸ್‌ಪಿ ವಕೀಲರನ್ನು ನೋಡಲು ರಾತ್ರಿ ಊಟ ಬೇಗ ಮುಗಿಸುತ್ತಿದ್ದ ಮನೆಯವರಿಗೆ ಆ ಕಂತುಗಳು ಖಂಡಿತ ಹಿಡಿಸುತ್ತವೆ.

ಹಾಡು ಯೊನೆಜು ಅವರದೇ: ‘ಸಯೊನಾರಾ, ಮತಾ ಇತ್ಸುಕಾ!’ ಹೋಗಿ ಬರ್ತೀನಿ, ಮತ್ತೆ ಯಾವತ್ತಾದರೂ ಸಿಗೋಣ. ‘ಲೆಮನ್’ ತರಹ ಅಳಿಸುವ ಹಾಡಲ್ಲ. ನೆಗೆಯುವ ತಾಳ, ಒಳಗೆ ಕೋಪ. ಶಿಶಿಯಾಮಾಜಾಕಿ ಅನ್ನುವ ಕಲಾವಿದೆ ಜಲವರ್ಣದಲ್ಲಿ ಬರೆದ ತೊಮೊಕೊ ಅದಕ್ಕೆ ಕುಣಿಯುತ್ತಾಳೆ. ರಾತ್ರಿ ಧಾರಾವಾಹಿಯ ಹಾಗೆ ಇದಕ್ಕೆ ಕೊನೆಯ ಹತ್ತು ನಿಮಿಷದ ಬಲ ಇಲ್ಲ, ಮೊದಲೇ ಬರಬೇಕು. ಹಾಗಾದರೆ ಸೋಲಬೇಕಿತ್ತು. ಸೋಲಲಿಲ್ಲ. ನಿನ್ನೆ ಏನಾಯಿತು ಅನ್ನುವುದರ ಮೇಲೆ ಇವತ್ತಿನ ಹಾಡು ಬೇರೆಯಾಗಿ ಕೇಳುತ್ತಿತ್ತು. ಪರೀಕ್ಷೆ ಪಾಸಾದ ಮರುದಿನ ಅದು ಹಬ್ಬ. ಯುದ್ಧಕ್ಕೆ ಹೋದ ಗಂಡ ಬರಲಿಲ್ಲ ಅಂತ ಗೊತ್ತಾದ ಮೇಲೆ ಅದೇ ‘ಮತ್ತೆ ಸಿಗೋಣ’ ಅನ್ನುವ ಸಾಲು ಕೇಳಲು ಕಷ್ಟವಾಯಿತು.

ಕೊನೆಯ ಎರಡು ತಿಂಗಳು ವಿಷಯಗಳು ಜಾಸ್ತಿಯಾದವು, ನಿಜ. ಮದುವೆಯ ನಂತರದ ಹೆಸರು, ಬಾಲಾಪರಾಧ, ಕೊರಿಯಾ ಮೂಲದವರ ಕಷ್ಟ ಎಲ್ಲವೂ ಹದಿನೈದು ನಿಮಿಷದೊಳಗೆ ಓಡಿದವು. ಆದರೆ ಅಣುಬಾಂಬ್ ಮೊಕದ್ದಮೆ ಓಡಲಿಲ್ಲ. 1963ರ ಡಿಸೆಂಬರಿನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಬಾಂಬ್ ಹಾಕಿದ್ದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಅಂತ ಹೇಳಿತು, ಪರಿಹಾರ ಮಾತ್ರ ಕೊಡಲಿಲ್ಲ. ಮಿಬುಚಿ ಆ ಪೀಠದಲ್ಲಿದ್ದರು. ಧಾರಾವಾಹಿಯಲ್ಲಿ ಆ ತೀರ್ಪನ್ನು ಅವಸರ ಮಾಡದೆ ಓದುತ್ತಾರೆ. ಗೋಡೆಯಾಚೆಯ ಟಿವಿಯೂ ಅದನ್ನೇ ಓದುತ್ತಿತ್ತು. ಅವತ್ತು ಲಿಫ್ಟ್ ಹತ್ತಿರ ಸಿಕ್ಕ ಅಜ್ಜಿ ನನ್ನ ಕೈ ಹಿಡಿದು ‘ನೋಡಿದಿರಾ?’ ಅಂತ ಮಾತ್ರ ಕೇಳಿದರು.

ಕರೋಕೆಯಲ್ಲಿ ಮೂರನ್ನೂ ಒಂದೇ ಸಂಜೆ ಹಾಡಿದೆವು. ‘ನಿದೊನೆ’ ಹೊಸಬರಿಗೆ ಬೇಡ; ಅಕ್ಷರಗಳ ಬಣ್ಣ ನಾಲಿಗೆಗಿಂತ ಮುಂದೆ ಓಡುತ್ತದೆ. ಬ್ಯಾಕ್ ನಂಬರ್ ಹಾಡಿಗೆ ಶ್ರುತಿ ಎರಡು ಮನೆ ಇಳಿಸಿಕೊಂಡೆ, ಅರಾಮಾಗಿ ಬಂತು. ಭಾಷೆ ಕಲಿಯುವವರು ಅದರಿಂದ ಶುರು ಮಾಡಿ, ಪದಗಳು ಬಿಡಿಬಿಡಿಯಾಗಿ ಸಿಗುತ್ತವೆ. ಯೊನೆಜು ಹಾಡಿನ ದಾರಿ ತಿರುವುಗಳದ್ದು, ಆದರೆ ಕೋಣೆಯಲ್ಲಿದ್ದ ಎಲ್ಲರೂ ಎದ್ದು ನಿಂತು ಹಾಡಿದ್ದು ಅದೊಂದನ್ನೇ.

ತಂಗಿಗೆ ಹೇಳಿದ್ದು ಇದು. ಒಂದು ವಾರಾಂತ್ಯ ಮಾತ್ರ ಇದ್ದರೆ ‘ಫುತೆಹೊದೊ’ ನೋಡು, ಅದು ಮೂರರಲ್ಲಿ ಅತಿ ಚೆನ್ನಾಗಿ ಬರೆದ ಕಥೆ. ಮನೆಯಲ್ಲಿ ಪುಟ್ಟ ಮಗು ಇದೆ, ರಾತ್ರಿ ಒಬ್ಬಳೇ ಕೂರಬಲ್ಲೆ ಅಂದರೆ ‘ಉಮಿ’. ಹಾಡು ಮೊದಲು ಕೇಳು, ಕಥೆ ಆಮೇಲೆ, ನಾನು ಮಾಡಿದ ಹಾಗೆ. ನನ್ನ ಮೊದಲ ಸ್ಥಾನ ಹುಲಿಗೆ. ಅದನ್ನು ಒಟ್ಟಿಗೆ ಕೂತು ಮುಗಿಸಬೇಡ. ದಿನಕ್ಕೆ ಒಂದು ಕಂತು, ಬೆಳಗ್ಗೆ, ಹಾಡನ್ನು ಓಡಿಸದೆ.