ಸೂರಕ್ಕಿ ಬರಬೇಕೆಂದರೆ ಯಾವ ಗಿಡ? ಹ್ಯಾಮೀಲಿಯಾ, ರಸೇಲಿಯಾ, ದಾಸವಾಳ, ಸಕ್ಕರೆ ನೀರಿನ ಹೋಲಿಕೆ

ಹಮ್ಮಿಂಗ್ ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮಲ್ಲಿ ಮಕರಂದಕ್ಕೆ ಬರುವ ಪುಟ್ಟ ಹಕ್ಕಿ ಎಂದರೆ ಸೂರಕ್ಕಿ. ಬೆಂಗಳೂರು, ಮೈಸೂರಿನ ಮನೆಗಳಿಗೆ ಸಾಮಾನ್ಯವಾಗಿ ಬರುವುದು ಹಳದಿ ಹೊಟ್ಟೆಯ ನೇರಳೆ ಪೃಷ್ಠದ ಸೂರಕ್ಕಿ ಮತ್ತು ಕಪ್ಪಗೆ ಮಿರುಗುವ ನೇರಳೆ ಸೂರಕ್ಕಿ. ಉದ್ದ ಬಾಗಿದ ಕೊಕ್ಕಿನ ಲೋಟನ್ ಸೂರಕ್ಕಿಯೂ ಒಮ್ಮೊಮ್ಮೆ ಕಾಣುತ್ತದೆ. ಹಮ್ಮಿಂಗ್ ಬರ್ಡ್ ಗಾಳಿಯಲ್ಲಿ ನಿಂತೇ ಕುಡಿಯುತ್ತದೆ. ಸೂರಕ್ಕಿ ಕ್ಷಣಕಾಲ ಹಾಗೆ ನಿಂತರೂ ಹೆಚ್ಚಾಗಿ ಕೂತೇ ಕುಡಿಯುವ ಹಕ್ಕಿ. ಹಾಗಾಗಿ ಗಿಡ ಆರಿಸುವಾಗ ಹೂವಿನ ಬಣ್ಣಕ್ಕಿಂತ ಮೊದಲು ನೋಡಬೇಕಾದದ್ದು ಎರಡು: ಹೂವಿನ ಪಕ್ಕ ಕಾಲೂರಲು ಕಡ್ಡಿ ಇದೆಯೇ, ಹೂವು ಎಷ್ಟು ತಿಂಗಳು ಸಿಗುತ್ತದೆ.

ಬೆಳೆಸಿ ನೋಡಿದವುಗಳಲ್ಲಿ ನೆಲವಿದ್ದವರಿಗೆ ಹ್ಯಾಮೀಲಿಯಾ, ಬಾಲ್ಕನಿಯವರಿಗೆ ರಸೇಲಿಯಾ. ಉಳಿದವೆಲ್ಲ ಇವುಗಳ ಜೊತೆಗೆ ಇರಲಿ, ಇವುಗಳ ಬದಲಿಗೆ ಬೇಡ.

ಹ್ಯಾಮೀಲಿಯಾಕ್ಕೆ ಕಿತ್ತಳೆಗೆಂಪಿನ ಸಣ್ಣ ಕೊಳವೆ ಹೂಗಳು, ಕೊಂಬೆಯ ತುದಿಯಲ್ಲಿ ಗೊಂಚಲಾಗಿ. ಒಂದು ಗೊಂಚಲಿನಲ್ಲಿ ಎಲ್ಲವೂ ಒಟ್ಟಿಗೆ ಅರಳುವುದಿಲ್ಲ, ದಿನಕ್ಕೆ ಕೆಲವೇ. ಹಕ್ಕಿ ಅದೇ ಗೊಂಚಲಿಗೆ ಮತ್ತೆ ಮತ್ತೆ ಬರುವುದು ಇದರಿಂದಲೇ. ಬೆಂಗಳೂರಿನ ಹವೆಯಲ್ಲಿ ಬಹುತೇಕ ವರ್ಷವಿಡೀ ಹೂ ಇರುತ್ತದೆ. ಒಂದೂವರೆ ಅಡಿ ಗುಂಡಿ, ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಅಂತರ, ದಿನಕ್ಕೆ ಕನಿಷ್ಠ ಐದು ತಾಸು ಬಿಸಿಲು. ನೆರಳಿನಲ್ಲೂ ಬದುಕುತ್ತದೆ, ಆದರೆ ಎಲೆಯಷ್ಟೇ ಬರುತ್ತದೆ.

ಹೆಚ್ಚಿನವರ ಮನೆಯಲ್ಲಿ ಈ ಗಿಡ ಸೋಲುವುದು ಕತ್ತರಿಯಿಂದ. ಹೂ ಬರುವುದು ಹೊಸ ಚಿಗುರಿನ ತುದಿಗೆ. ಬೇಲಿಯಂತೆ ಮಟ್ಟಸವಾಗಿ ತಿಂಗಳಿಗೊಮ್ಮೆ ಕತ್ತರಿಸಿದರೆ ಪ್ರತಿ ಸಲವೂ ಮೊಗ್ಗೇ ಹೋಗುತ್ತದೆ, ವರ್ಷವಿಡೀ ಹಸಿರು ಗೋಡೆ ಮಾತ್ರ ಉಳಿಯುತ್ತದೆ. ಬದಲಿಗೆ ಮುಂಗಾರಿನ ಆರಂಭದಲ್ಲಿ ಮೂರರಲ್ಲಿ ಒಂದು ಪಾಲು ಹಳೆಯ ಕೊಂಬೆಗಳನ್ನಷ್ಟೇ ಬುಡದಿಂದ ಒಂದಡಿ ಬಿಟ್ಟು ಕಡಿಯಿರಿ, ಉಳಿದವನ್ನು ಮುಟ್ಟಬೇಡಿ. ಕಡಿದ ಕೊಂಬೆಯಿಂದ ಚಿಗುರು ಬರುವಷ್ಟರಲ್ಲಿ ಉಳಿದ ಕೊಂಬೆಗಳು ಹೂ ಕೊಡುತ್ತಲೇ ಇರುತ್ತವೆ. ಹೂವಿನ ನಂತರ ಬರುವ ಕಪ್ಪು ಹಣ್ಣಿಗೆ ಪಿಕಳಾರಗಳೂ ಸೇರುತ್ತವೆ. ಅಮೆರಿಕದ ಫ್ಲೋರಿಡಾದಲ್ಲಿರುವ ಕನ್ನಡಿಗರಿಗೂ ಇದೇ ಗಿಡ ಸಾಕು: ಅಲ್ಲಿ ಇದು ಸ್ಥಳೀಯ ಸಸ್ಯ, ಕೆಂಪು ಕೊರಳಿನ ಹಮ್ಮಿಂಗ್ ಬರ್ಡ್ ಇದಕ್ಕೇ ಬರುತ್ತದೆ.

ರಸೇಲಿಯಾ ಇನ್ನೊಂದೇ ಜಾತಿ. ಎಲೆ ಇಲ್ಲವೇನೋ ಎನ್ನುವಂಥ ಹಸಿರು ಕಡ್ಡಿಗಳು ಕುಂಡದಿಂದ ಇಳಿಬಿದ್ದು, ಅವುಗಳ ತುಂಬ ಇಂಚುದ್ದದ ಕೆಂಪು ಕೊಳವೆಗಳು. ಸೂರಕ್ಕಿ ಬಂದು ಕೂತೊಡನೆ ಕಡ್ಡಿ ಬಿಲ್ಲಿನಂತೆ ಬಾಗುತ್ತದೆ. ಹಕ್ಕಿ ತಲೆಕೆಳಗಾಗಿ ಜೋತುಬಿದ್ದು, ಕೆಳಮುಖವಾಗಿರುವ ಹೂವಿಗೆ ಅಡಿಯಿಂದ ಕೊಕ್ಕು ತೂರಿಸುತ್ತದೆ. ಒಂದು ಕಡ್ಡಿ ಮುಗಿಸಿ ಪಕ್ಕದ್ದಕ್ಕೆ ಕಾಲು ಚಾಚುವುದನ್ನು ಮೂರಡಿ ದೂರದಿಂದ ನೋಡಬಹುದು. ಈ ಗಿಡ ಬಾಲ್ಕನಿಗೆ ಹೇಳಿ ಮಾಡಿಸಿದ್ದು.

ಇದಕ್ಕೆ 12 ಇಂಚಿನ ಕುಂಡ ಸಾಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ. ನೀರು ನಿಂತರೆ ಬುಡ ಕೊಳೆಯುತ್ತದೆ, ಒಂದೆರಡು ದಿನ ಮರೆತರೆ ಏನೂ ಆಗದು. ಯೂರಿಯಾ ಹಾಕಿದರೆ ಕಡ್ಡಿ ಉದ್ದವಾಗುತ್ತದೆ, ಹೂ ಕಡಿಮೆಯಾಗುತ್ತದೆ. ಹೊಸ ಗಿಡ ಬೇಕೆಂದರೆ ಮಳೆಗಾಲದಲ್ಲಿ ನಾಲ್ಕೈದು ಗಿಣ್ಣಿರುವ ಕಡ್ಡಿ ನೆಡಿ, ಇಲ್ಲವೇ ನೆಲಕ್ಕೆ ತಾಗಿ ತಾನೇ ಬೇರುಬಿಟ್ಟ ಕಡ್ಡಿಯನ್ನು ಕತ್ತರಿಸಿಕೊಳ್ಳಿ. ಒಂದು ಕುಂಡ ಸಾಲದು, ಮೂರಾದರೂ ಒತ್ತಾಗಿ ಇರಲಿ. ಒಂಟಿ ಕುಂಡದ ಹೂವು ಒಂದು ಸುತ್ತಿಗೇ ಬರಿದಾಗುತ್ತದೆ, ಹಕ್ಕಿ ಮುಂದಿನ ಮನೆಗೆ ಹೋಗುತ್ತದೆ.

ದಾಸವಾಳಕ್ಕೆ ಸೂರಕ್ಕಿ ಖಂಡಿತ ಬರುತ್ತದೆ. ಆದರೆ ಹೂವಿನ ಬಾಯಿಯಿಂದ ಮಕರಂದದವರೆಗಿನ ದಾರಿ ಅದರ ಕೊಕ್ಕಿಗೆ ಉದ್ದವಾಯಿತು. ಹಾಗಾಗಿ ಹೊರಗೆ ಕೂತು, ಪುಷ್ಪಪಾತ್ರೆಯ (ಹೂವಿನ ಬುಡದ ಹಸಿರು ಬಟ್ಟಲಿನ) ಪಕ್ಕದಲ್ಲೇ ದಳದ ಬುಡಕ್ಕೆ ತೂತು ಕೊರೆದು ಹೀರುತ್ತದೆ. ಮಧ್ಯಾಹ್ನ ಹೂ ತಿರುಗಿಸಿ ನೋಡಿ, ಬುಡದಲ್ಲಿ ಕಂದಿದ ಅಂಚಿನ ಸಣ್ಣ ಸೀಳು ಸಿಗುತ್ತದೆ. ಹೂವಿಗೆ ಅದರಿಂದ ಪರಾಗಸ್ಪರ್ಶವಾಗದು, ಹಕ್ಕಿಗೆ ನಷ್ಟವಿಲ್ಲ. ನೆಡುವುದಾದರೆ ಐದೇ ದಳದ ಕೆಂಪು ನಾಟಿ ತಳಿ ನೆಡಿ. ಮುದ್ದೆ ದಾಸವಾಳ ದೇವರಿಗೆ ಚೆಂದ, ಹಕ್ಕಿಗೆ ಅಷ್ಟಕ್ಕಷ್ಟೆ.

ದಾಸವಾಳದ ನಿಜವಾದ ತೊಂದರೆ ಹಿಟ್ಟು ತಿಗಣೆ. ಇದಕ್ಕೆಂದು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಹೊಡೆದರೆ ಗಿಡ ಅದನ್ನು ಹೀರಿಕೊಂಡು ಮಕರಂದಕ್ಕೂ ತಲುಪಿಸುತ್ತದೆ. ಹಕ್ಕಿಗಾಗಿ ಬೆಳೆಸಿದ ಗಿಡದಲ್ಲಿ ಅದನ್ನು ಬಳಸಲೇಬಾರದು. ತಿಗಣೆ ಕೂತ ತುದಿಗಳನ್ನು ಚಿವುಟಿ, ಪೈಪಿನ ನೀರು ರಭಸವಾಗಿ ಬಿಟ್ಟು, ಸಂಜೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ ಮತ್ತು ನಾಲ್ಕು ಹನಿ ದ್ರವ ಸೋಪು ಕಲಸಿ ಕಾಂಡಕ್ಕೆ ಸಿಂಪಡಿಸಿ, ಹೂವಿಗೆ ಬೇಡ. ತಿಗಣೆಯನ್ನು ಕಾಯುವುದು ಇರುವೆ, ಅದರ ಸಾಲನ್ನೂ ತಡೆಯಬೇಕು.

ಸಕ್ಕರೆ ನೀರಿನ ಫೀಡರ್ ಕೊನೆಯ ಆಯ್ಕೆ. ಒಂದು ಲೋಟ ಬಿಳಿ ಸಕ್ಕರೆಗೆ ನಾಲ್ಕು ಲೋಟ ನೀರು, ಕುದಿಸಿ ಆರಿಸಿದ್ದು. ಬೆಲ್ಲ, ಜೇನು, ಕೆಂಪು ಬಣ್ಣ ಯಾವುದೂ ಬೇಡ. ಬೇಸಿಗೆಯಲ್ಲಿ ಎರಡು ದಿನಕ್ಕೆ ಹುಳಿ ಬರುತ್ತದೆ, ಅಷ್ಟರೊಳಗೆ ಚೆಲ್ಲಿ ಬಿಸಿನೀರಲ್ಲಿ ತೊಳೆಯಬೇಕು. ಆನ್‌ಲೈನ್‌ನಲ್ಲಿ ಸಿಗುವ ಹಮ್ಮಿಂಗ್ ಬರ್ಡ್ ಫೀಡರ್‌ಗಳಲ್ಲಿ ಕೆಲವಕ್ಕೆ ಕೂರುವ ಕಡ್ಡಿಯೇ ಇರುವುದಿಲ್ಲ, ಅಂಥದ್ದು ಸೂರಕ್ಕಿಗೆ ದಂಡ. ಕಡ್ಡಿ ಇದ್ದರೂ ಇರುವೆ, ಜೇನುನೊಣಗಳೇ ಮೊದಲು ಹಿಡಿದುಕೊಳ್ಳುತ್ತವೆ. ಹೂವಿನ ಗಿಡ ಕೊಡುವ ಇನ್ನೊಂದು ವಸ್ತು ಬಾಟಲಿಯಲ್ಲಿಲ್ಲ, ಅದು ಹುಳು. ಸೂರಕ್ಕಿ ಮರಿ ಬೆಳೆಯುವುದು ಜೇಡ, ಸಣ್ಣ ಕೀಟಗಳ ಮೇಲೆ.

ಹಿತ್ತಲಿದ್ದರೆ ಬಾಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗೊನೆ ಕಚ್ಚಿದ ಮೇಲೆ ಮೂತಿಯನ್ನು ಪಲ್ಯಕ್ಕೆಂದು ಕೂಡಲೇ ಕೊಯ್ಯದೆ ಬಿಟ್ಟರೆ ಒಂದೊಂದೇ ಎಸಳು ಎದ್ದು ಹೊಸ ಹೂ ಸಾಲು ತೆರೆಯುತ್ತ ಹೋಗುತ್ತದೆ. ಮಾವಿನ ಮರದ ಬಂದಣಿಕೆಯನ್ನೂ ಪೂರ್ತಿ ಸವರಬೇಡಿ, ಅದರ ಕೊಳವೆ ಹೂವಿಗೆ ಸೂರಕ್ಕಿಯೇ ಮುಖ್ಯ ಅತಿಥಿ. ಮರ ಸೊರಗದಂತೆ ಒಂದು ಕೊಂಬೆಯಲ್ಲಿ ಉಳಿಸಿದರೆ ಸಾಕು.

ಯಾವ ಗಿಡಕ್ಕೇ ಕತ್ತರಿ ಹಾಕುವ ಮುನ್ನ ಒಳಗೊಮ್ಮೆ ನೋಡಿ. ಜೇಡರ ಬಲೆ, ನಾರು, ತೊಗಟೆಚೂರು ಅಂಟಿಸಿದ ಕಸದ ಗಂಟಿನಂಥದ್ದು ಕಡ್ಡಿಯ ತುದಿಗೆ ನೇತಾಡುತ್ತಿದ್ದರೆ ಅದು ಗೂಡು. ಕಾವಿಗೆ ಎರಡು ವಾರ, ಮರಿ ಹಾರಲು ಮತ್ತೆರಡು ವಾರಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ಆ ಕೊಂಬೆಯನ್ನು ಕಡಿಯಬೇಡಿ, ಕುಂಡವಾದರೆ ಜಾಗವನ್ನೂ ಬದಲಿಸಬೇಡಿ.